ಉಗುರುಬಣ್ಣದ ಚುಕ್ಕೆ

ಹುಟ್ಟಿದ ದಿನವೇ ಲೊಯ್ಸ್ಕಾ ಆ ಜೇನಿನ ಬೆನ್ನಿಗೆ
ಉಗುರುಬಣ್ಣದಲ್ಲಿ ಒಂದು ಕೆಂಪು ಚುಕ್ಕೆ ಇಟ್ಟಳು.

ಮೂರನೆಯ ದಿನ, ತಾನು ಹುಟ್ಟಿದ ಕೋಣೆಯನ್ನೇ
ನೆಕ್ಕಿ ಒರೆಸುತ್ತಿತ್ತು ಚುಕ್ಕೆ.
ಆಮೇಲೆ ತಲೆಯಲ್ಲಿ ಹಾಲೂರಿತು,
ಹೆರದ ಮಕ್ಕಳಿಗೆ ಉಣಿಸಿತು.
ಹೊಟ್ಟೆಯಡಿ ಮೇಣ ಬೆವರಿ ಗೋಡೆ ಎಬ್ಬಿಸಿತು,
ಬಾಗಿಲಲ್ಲಿ ನಿಂತು ಬಂದವರ ಮೈ ಮೂಸಿತು.
ಜೂನಿನಲ್ಲಿ ಲಿಂಡನ್ ಹೂವಿಗೆ ಹೋಗಿ ಹೋಗಿ
ರೆಕ್ಕೆಯಂಚು ಹಳೇ ಸೆರಗಾಯಿತು.

"ನಾನೂ ಅಷ್ಟೇ, ಕ್ರಾನ್ಯ್ ಊರಿನ ನೂಲಿನ ಗಿರಣಿಯಲ್ಲಿ
ಕಸಬರಿಗೆಯಿಂದ ಗೇಟಿನವರೆಗೆ.
ಕೊನೆಗೊಂದು ಗೋಡೆಗಡಿಯಾರ ಕೊಟ್ಟರು.
ನಿಂತಿದೆ."

ಜುಲೈ. ಎಳೆಯ ದಾದಿಯರನ್ನೆಲ್ಲ
ಹೊಸ ಪೆಟ್ಟಿಗೆಗೆ ತುಂಬಿ ಮಾರಿದಳು.
ಹಳೆಯದರಲ್ಲಿ ಉಳಿದದ್ದು
ಮರಿಗಳ ಹಸಿವು, ಮುದುಕಿಯರು.

ವಾರ ಬಿಟ್ಟು ಮುಚ್ಚಳ ತೆಗೆದರೆ:
ಬತ್ತಿದ ತಲೆಯಲ್ಲಿ ಮತ್ತೆ ಹಾಲು.
ಹರಿದ ರೆಕ್ಕೆ ಮಡಿಸಿಕೊಂಡು
ತೊಟ್ಟಿಲಿಗೆ ಬಾಗಿದೆ
ಅರ್ಧ ಉದುರಿದ ಕೆಂಪು.