ಎ ಹನ್ನೊಂದು

ಗುಂಪು ಕೂಡಿತು ಎಂದ ದಿನ
ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದಿದ್ದ ಫಕ್ರು.
ಓ ಪಾಸಿಟಿವ್ ಅವನದು, ನನ್ನದೂ.
'ನಿಕಾದಾಗ ಯಾರೂ ನೋಡಿರ್ಲಿಲ್ಲ ಇದನ್ನ,
ತಾನಾಗೇ ಕೂಡಿ ಬಂದೈತಿ ನೋಡು.'
ನನಗೆ ಬೆಣ್ಣೆ ಕೂಡದು, ಉಪ್ಪು ಕೂಡದು,
ಅರ್ಧ ಲೋಟದ ಮೇಲೆ ನೀರು ಕೂಡದು.
ಅವನು ತಿನ್ನುವುದನ್ನು ನೋಡಿದೆ.
ಬೆರಳು ನೆಕ್ಕಿ, ಎರಡೂ ಪಕ್ಕೆ ತಟ್ಟಿಕೊಂಡ,
ಎಡದ್ದೋ ಬಲದ್ದೋ ಬೇಕಾದ್ದು ತಗೊಳ್ಳಲಿ ಅಂತ,
ಭಟ್ಟಿಗೆ ಬಂದ ಗಿರಾಕಿಗೆ
ಮಂಡಕ್ಕಿ ಚೀಲ ತೋರಿಸುವ ಹಾಗೆ.

ಆಮೇಲೆ ಇನ್ನೊಂದು ಪರೀಕ್ಷೆ ಇತ್ತು.
ಅವನ ನೆತ್ತರು ಒಂದು ಕೊಳವೆ, ನನ್ನದೊಂದು,
ಥರ್ಮಕೋಲ್ ಡಬ್ಬಿಯಲ್ಲಿ ಹತ್ತಿಯ ನಡುವೆ ಒತ್ತಿಕೊಂಡು
ದಾವಣಗೆರೆ ಸ್ಟ್ಯಾಂಡಿನಲ್ಲಿ ರಾತ್ರಿ ಬಸ್ಸು ಹತ್ತಿದವು.
ನಾವಿಬ್ಬರು ಜೊತೆಯಾಗಿ
ಅಷ್ಟು ದೂರ ಎಂದೂ ಹೋದವರಲ್ಲ.

ಕೊಟ್ರಮ್ಮ ಸಿಸ್ಟರ್ ಮಷಿನ್ನಿನ ಗುಂಯ್ ನಡುವೆ
ಸ್ಟೂಲು ಎಳೆದುಕೊಂಡು ಬಿಡಿಸಿ ಹೇಳಿದಳು:
ನಿನ್ನ ರಕ್ತದ ತಿಳಿಯಲ್ಲಿ ಅವನ ಕಣ ಬಿಟ್ಟು ಕಾಯುತ್ತಾರೆ.
ಮೇಲೆ ಬಣ್ಣ ಹಾಕುತ್ತಾರೆ.
ಬದುಕಿದ ಕಣ ಬಣ್ಣವನ್ನು ಒಳಗೆ ಬಿಡುವುದಿಲ್ಲ.
ಸತ್ತದ್ದು ಕುಡಿಯುತ್ತದೆ.
'ಕುಡಿದವಾ?'
'ನೂರಕ್ಕೆ ಎಂಬತ್ತು.'

ನಾನು ಕೊಂದೆ ಅಂತಾಯಿತು.
ಇಪ್ಪತ್ತಾರು ವರ್ಷದಲ್ಲಿ ಕೈ ಎತ್ತಿದ್ದು ಒಂದೇ ಸಲ,
ಅದೂ ಓಸಿ ಆಡಿ ಬಂದಿದ್ದಕ್ಕೆ, ಮೊರದಲ್ಲಿ.

'ಇದನ್ನ ಯಾರು ಕಲಿಸಿದ್ರು ನನ್ನ ರಕ್ತಕ್ಕೆ?'
'ಎಷ್ಟು ಬಸಿರು, ಮಾಬುನ್ನಿ?'
ಮೂರು. ಇರೋದು ಎರಡು.
'ಕೂಸಿನ ಅರ್ಧ ಅವನದಲ್ವಾ.
ಆ ಅರ್ಧ ಹೊರಗಿಂದು ಅಂತ ಮೈ ಬರೆದಿಟ್ಕೊಳ್ಳುತ್ತೆ.
ಕೂಸಿಗೇನೂ ಮಾಡಲ್ಲ. ಸುಮ್ನೆ ಕಾಯ್ತಿರುತ್ತೆ.'

ಅಂದರೆ ನಾನು ಹೊಟ್ಟೆ ಸವರಿ ಹಾಡು ಹೇಳುವಾಗ
ಒಳಗೆ ಯಾರೋ ಕೂತು
ಅವನ ಚಹರೆ ಬರೆದುಕೊಳ್ಳುತ್ತಿದ್ದರು,
ಠಾಣೆಯ ರೈಟರ್ ಹಾಗೆ.

ಮೂರನೆಯದು ಐದು ತಿಂಗಳಿಗೇ ಜಾರಿತು,
ಉರಿಯೆದುರು ಮರಳು ಕೆದಕುತ್ತಿದ್ದೆ.
ಹೆಸರಿಡಲಿಲ್ಲ. ಅತ್ತೆ ಹಳೇ ದುಪ್ಪಟ್ಟದಲ್ಲಿ ಸುತ್ತಿ ಒಯ್ದಳು.
ಎಲ್ಲಿ ಅಂದಿದ್ದಕ್ಕೆ 'ಹಂಗೆಲ್ಲ ಕೇಳಬಾರ್ದು.'
ರೇಷನ್ ಕಾರ್ಡಿನಲ್ಲಿಲ್ಲ, ಯಾರ ಬಾಯಲ್ಲೂ ಇಲ್ಲ.
ಹದಿನೆಂಟು ವರ್ಷ
ನೆನೆಯುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

ರಿಪೋರ್ಟಿನ ಎರಡನೇ ಹಾಳೆಯಲ್ಲಿ
ನನ್ನ ರಕ್ತ ಯಾರನ್ನೆಲ್ಲ ಒಲ್ಲೆ ಅನ್ನುತ್ತದೋ ಅವರ ಪಟ್ಟಿ.
ಬಿ ಐವತ್ತೆರಡು, ಇನ್ನೂ ಏನೇನೋ,
ಎಲ್ಲಕ್ಕಿಂತ ಮೇಲೆ, ದಪ್ಪ ಅಂಕಿಯ ಜೊತೆ: ಎ ಹನ್ನೊಂದು.
'ಇದು ಯಾವ ಬಸಿರಿಂದು?'
'ಹೇಳೋಕೆ ಬರಲ್ಲ. ಹಾಕಿದ ರಕ್ತದ ಬಾಟಲಿದೂ ಇರಬಹುದು.'
ಅವರಿಗೆ ಬರುವುದಿಲ್ಲ.
ನನಗೆ ಬರುತ್ತದೆ.

ಫಕ್ರುಗೆ ಹೇಳಿದೆ. ಜರಡಿ ಆಡಿಸುತ್ತಲೇ ಇದ್ದ,
ಮರಳು ಕೆಳಗೆ, ಮಂಡಕ್ಕಿ ಮೇಲೆ.
'ಹಂಗಾರ ನಾ ನಿನಗ ಹೊರಗಿನವ.'
'ಮಕ್ಕಳ ದೆಸೆಯಿಂದ' ಅಂದೆ.
ಎಷ್ಟೋ ಹೊತ್ತು ಬರೀ ಮರಳಿನ ಸದ್ದು.
'ಬ್ಯಾರೆ ಯಾರಿಗಾದ್ರೂ ಆಗತೈತಾ, ನಂದು?'

ಆಗುತ್ತದಂತೆ. ನಮ್ಮ ಹಾಗೇ ಕೂಡದ ಇನ್ನೊಂದು ಜೋಡಿ
ಎಲ್ಲೋ ಇದ್ದು, ಇವನದು ಅಲ್ಲಿಗೆ, ಅಲ್ಲಿಯದು ನನಗೆ.
ಹೆಸರು ಬರೆಸಿದ್ದೇವೆ.
ಇವನು ಈಗ ಬಸ್ಸಿನಲ್ಲಿ ಯಾರಾದರೂ ಹೆಂಡತಿಯ ಕೈ ಹಿಡಿದು
ಇಳಿಸುತ್ತಿದ್ದರೆ ತಿರುಗಿ ತಿರುಗಿ ನೋಡುತ್ತಾನೆ.

ಮಂಗಳವಾರ, ಶುಕ್ರವಾರ ಸೂಜಿ.
ಮಷಿನ್ನು ನನ್ನ ರಕ್ತವನ್ನು ಹೊರಗೆ ಕರೆದು
ಜರಡಿ ಹಿಡಿದು ಒಳಗೆ ಕಳಿಸುತ್ತದೆ.
ನೀರು ಹೋಗುತ್ತದೆ. ಉಪ್ಪು ಹೋಗುತ್ತದೆ.
ಎ ಹನ್ನೊಂದು ಹೋಗುವುದಿಲ್ಲ.
ಸಿಸ್ಟರನ್ನು ಕೇಳಿಕೊಂಡಿದ್ದೇನೆ.