ಅರ್ಧ ಇಂಚು

ಉಪ್ಪಳದ ಟೆಂಟಿಗೆ ಆ ವಾರ ಇಂಗ್ಲಿಷ್ ಪಿಕ್ಚರು.
ಬಾಂಬು ಸಿಡಿದ ಕಡಲಿನಿಂದ
ಏಡಿ-ಮನುಷ್ಯ ಎದ್ದು ಬರುತ್ತಾನೆ,
ಒಂದು ಕೈ ಕೈಯೇ, ಇನ್ನೊಂದು ಇಕ್ಕಳ.

ಮೊಗವೀರರ ಹುಡುಗರು ನಕ್ಕರು:
ಇಂಥದ್ದಕ್ಕೆ ಮಾರ್ಕೆಟ್ಟಿನಲ್ಲಿ ಎಷ್ಟು ರೇಟು?
ಯಾರೋ ಮಗುವಿನ ಕಣ್ಣು ಮುಚ್ಚಿದರು.
ನನಗೆ ಹನ್ನೊಂದು. ಅದ್ರಾಮ ಟೈಲರ ಅಂಗಡಿಯಲ್ಲಿ
ಕಾಜಾ ಹೊಲಿಯುವ ಕೆಲಸ.
ಹೆದರಿ ಅವರ ಮುಂಡಿನ ತುದಿ ಹಿಡಿದಿದ್ದೆ.

ಅವರು ಹೆದರಲಿಲ್ಲ, ನಗಲೂ ಇಲ್ಲ.
ನಾಲ್ಕು ರಾತ್ರಿ ನೋಡಿದರು, ನಾಲ್ಕೂ ರಾತ್ರಿ ಕಾಸು ಕೊಟ್ಟು.
"ನೋಡು, ಬೆನ್ನಲ್ಲಿ ಜಿಪ್ಪು. ಅದು ಕಾಣದ ಹಾಗೆ
ಚಿಪ್ಪಿನ ಮೇಲೆ ಚಿಪ್ಪು ಮಡಚಿದ್ದಾನೆ, ಪುಣ್ಯಾತ್ಮ.
ಆದರೆ ಕಂಕುಳು ಬಿಗಿಯಾಯಿತು.
ಅರ್ಧ ಇಂಚು ಬಿಡಬೇಕಿತ್ತು."

ಅದಕ್ಕೇ ಅವನು ಹಾಗೆ ತೋಳೆತ್ತಿ ನಡೆಯುವುದಂತೆ.
ಟೆಂಟಿಗೆ ಟೆಂಟೇ ರೋಷವೆಂದುಕೊಂಡ ಆ ನಡಿಗೆ
ಒಳಗೆ ಬೆವರುವ ಯಾರದೋ ಚರ್ಮದ ಉರಿ.

ಕೊನೆಯ ರಾತ್ರಿ, ಗುಂಡು ತಿಂದು
ಅವನು ನೀರಿಗೆ ಹಿಂದಿರುಗುವಾಗ
ಅದ್ರಾಮ ಬ್ಯಾರಿ ಎದ್ದು ನಿಂತರು.
ಹಿಂದಿನವರು ಬೈದರು, ತುಳುವಿನಲ್ಲಿ, ಮಲಯಾಳದಲ್ಲಿ,
ಒಬ್ಬ ಮರಾಠಿಯಲ್ಲೂ.
ಅವರು ಕೂರಲಿಲ್ಲ.
"ನೀರು ಕುಡಿದರೆ ಸ್ಪಂಜು ಹೆಣಭಾರ," ಎಂದರು,
"ಆ ಮನುಷ್ಯನನ್ನು ಬೇಗ ಎಳೆದುಕೊಂಡಿರಬಹುದಾ?"

ಈಗ ಮೊಬೈಲಿನಲ್ಲೇ ಸಿಗುತ್ತದೆ, ಅಂಗೈಯಗಲ.
ಮೊಮ್ಮಗಳು ಜಿಪ್ಪು ಕಂಡು ಬಿದ್ದು ಬಿದ್ದು ನಗುತ್ತಾಳೆ.
ನಗಲಿ.
ಅವನು ತೋಳೆತ್ತಿದಲ್ಲಿ ನಾನು ಚಿತ್ರ ನಿಲ್ಲಿಸಿ
ಕನ್ನಡಕ ಹುಡುಕುತ್ತೇನೆ,
ಹೊಲಿಗೆ ಎಲ್ಲಾದರೂ ಬಿಟ್ಟಿದೆಯೋ ಎಂದು.