ಬಲಗಡಿ ಮಾರ್ಜಿನ್

ಮೂವತ್ತನಾಲ್ಕು ವರ್ಷದ ನೌಕರಿಯೊಳಗ
ನಲವತ್ತೊಂದು ತರಬೇತಿ ಮುಗಿಸೇನಿ.
ಲೆಕ್ಕ ಇಟ್ಟಾಕಿ ನಾನಲ್ಲ, ಸರ್ವಿಸ್ ಬುಕ್ಕು.
ಎಲ್ಲಾ ಕಡೆ ಅದ ಚಹಾ, ಅದ ಎರಡು ಬಿಸ್ಕಿಟು,
ಚಾರ್ಟಿನ ಮ್ಯಾಲೆ ಅದ ನೀಲಿ ಸ್ಕೆಚ್ ಪೆನ್ನು,
ಕಡೇ ದಿನ ಭತ್ಯೆದ ಬಿಲ್ಲಿಗೆ ಸಾಲು.

ಇದು ನಲವತ್ತೆರಡನೇದು. ಸಾಲೂ ಇಲ್ಲ, ಬಿಲ್ಲೂ ಇಲ್ಲ.
ಬೆಳಗಾವಿ ಕ್ಯಾಂಪಿನ ಹಳೇ ಬಂಗ್ಲೆದ ವರಾಂಡ,
ಪ್ಲಾಸ್ಟಿಕ್ ಕುರ್ಚಿ ಆರು, ಕುಂತವರು ಮೂವರು:
ಮಿರಜದಿಂದ ಬಂದ ನರ್ಸು ಯೆರೂಷಾ,
ಟಿಳಕವಾಡಿಯ ಟೈಪಿಂಗ್ ಕ್ಲಾಸಿನ ಹನೋಖ್,
ಒಂದು ಕಿವಿ ಕೇಳಂಗಿಲ್ಲ ಅವಗ,
ಮತ್ತ ನಾನು, ಕೆತೂರಾ ಬಾಯಿ,
ಕನ್ನಡ ಶಾಲಿಯಿಂದ ನಿವೃತ್ತ.

ಠಾಣೆಯಿಂದ ಬಂದ ನಿಸ್ಸಿಮ್ ಸರ್
ನನ್ನ ಮೊದಲ ಬ್ಯಾಚಿನ ಹುಡುಗರಿಗಿಂತ ಸಣ್ಣವರು.
"ಹೀಬ್ರೂ ಕಲಿಸೋ ಮೊದಲು," ಅಂದರು,
"ಕಲಿಸೋದನ್ನ ಕಲೀಬೇಕು."
ನಕ್ಕೆ, ಒಳಗೊಳಗ.
ಕಲಿಸಬೇಕಾದ ಮಕ್ಕಳು ಐದು.
ಇಡೀ ಊರಾಗ ಐದು.
ನಲಿಕಲಿ ಏಣಿಗೆ ಇದಕ್ಕಿಂತ ಜಾಸ್ತಿ ಮೆಟ್ಟಿಲಿದ್ದವು.

ಪಾಟಿ ಕೊಟ್ಟರು. ಬರೀರಿ ಅಂದರು, ಬಲದಿಂದ ಎಡಕ್ಕ.
ಕೈ ಕೇಳಲಿಲ್ಲ.
ಎಡದ ಅಂಚಿಗೆ ಮಾರ್ಜಿನ್ ಎಳೆದು ಕುಂತಿತ್ತು,
ಕತ್ತಲಾಗೂ ಎತ್ತು ತನ್ನ ಗ್ವಾದಲಿಗೆ ಹೋಗಿ ನಿಂತಂಗ.
ಒರೆಸಿದೆ. ಬಲದಿಂದ ಬರೆದೆ.
ಬರೆದದ್ದೆಲ್ಲ ಅಂಗೈಗೆ ಹತ್ತಿತು.
ಆವಾಗ ನೆನಪಾತು, ಎಡಚ ಹುಡುಗರಿಗೆ ನಾ ಬೈದದ್ದು:
"ತೋಳು ನೋಡು, ಹೆಂಗ ಹೊಲಸು ಮಾಡ್ಕೊಂಡಿ."
ಕಂಗ್ರಾಳಿ ಶಾಲಿಯ ಬಸು, ಎಲ್ಲದಿಯೋ,
ಮಾಫಿ ಮಾಡು.

ಈ ಊರಾಗ ಬೋರ್ಡಿನ ಅಕ್ಷರಕ್ಕ ಕಲ್ಲು ಬೀಳ್ತಾವ.
ನಮಗ ಮನಿಯೊಳಗ ಮರಾಠಿ, ಶಾಲಿಯೊಳಗ ಕನ್ನಡ,
ಪ್ರಾರ್ಥನಿಗೆ ಅಜ್ಜ ಬಾಯಿಪಾಠ ಮಾಡಿಸಿದ ಹೀಬ್ರೂ.
ಅರ್ಥ ಕೇಳಿದರ ಅಜ್ಜ ಮ್ಯಾಲಿನ ಹಂಚು ನೋಡ್ತಿದ್ದ.
ಮೂರನೇ ಲಿಪಿ ಹಿತ್ತಲ ಬಾಗಿಲಿಂದ ಬರ್ತೈತಿ,
ಕಲ್ಲು ಹಿಡಿದವರಿಗೆ ಗೊತ್ತಾಗಂಗಿಲ್ಲ.

ತರಬೇತಿ ರವಿವಾರ, ಸೋಮವಾರ.
ಶನಿವಾರ ಬರಿಯೂ ಹಾಂಗಿಲ್ಲ ಅಂದರು ನಿಸ್ಸಿಮ್ ಸರ್.
ನಮ್ಮ ಹಿರ್ಯಾರ ಗಾಣ ಶನಿವಾರ ತಿರುಗ್ತಿರಲಿಲ್ಲ,
ಎತ್ತಿಗೂ ರಜಾ. ಕೊಂಕಣದಾಗ ಅದ ನಮ್ಮ ಹೆಸರಾತು.
ನನ್ನ ಶನಿವಾರ?
ಮುಂಜಾನೆ ಗಂಟಿ, ಸಾಮೂಹಿಕ ಕವಾಯತು,
ಮಗ್ಗಿ, ಕಾಪಿ ಬರಹ.
ಮೂವತ್ತನಾಲ್ಕು ವರ್ಷದ ಶನಿವಾರಗಳ ಸೀಮಸುಣ್ಣ
ಯಾವ ತಕ್ಕಡಿಯಾಗ ತೂಗ್ತಾರೋ ಅಲ್ಲಿ.
ಕೇಳಬೇಕಂದೆ. ಪ್ರಶ್ನೋತ್ತರದ ಹೊತ್ತು ಮುಗಿದಿತ್ತು.

ಆಮ್ಯಾಲೆ ಮಾದರಿ ಪಾಠ.
ನನ್ನ ಪಾಲಿಗೆ ಮೊದಲನೇ ಅಕ್ಷರ, ಆಲೆಫ್.
ಸದ್ದಿಲ್ಲ ಅದಕ್ಕ.
ನಮ್ಮ 'ಅ' ಹಂಗಲ್ಲ, ಬಾಯಿ ತೆರೆದರ ಸಾಕು ಹೊರಗ,
'ಕ'ದಾಗೂ ಹೊಕ್ಕಿರ್ತೈತಿ, 'ಮ'ದಾಗೂ.
ಸದ್ದಿಲ್ಲದ್ದನ್ನ ಹೆಂಗ ಕಲಿಸೋದು?
ಮಿಂಚುಪಟ್ಟಿ, ಚಿತ್ರಪಟ, ಚಪ್ಪಾಳಿ, ಎಲ್ಲಾ ಬದಿಗಿಟ್ಟೆ.
ಹನೋಖನ ಮೊಮ್ಮಗಳು ಮಿಲ್ಕಾ ಎದುರಿಗೆ ಕುಂತಿತ್ತು,
ಆರು ವರ್ಷ, ಮುಂದಿನ ಹಲ್ಲು ಬಿದ್ದಿದ್ದವು.
ಬಾಯಿ ತೆರಿ ಅಂದೆ.
ಏನೋ ಹೇಳಬೇಕು ಅಂತ ಮಾಡು, ಹೇಳಬ್ಯಾಡ.
ಗಂಟಲಾಗ ಏನಾತು?
"ನಿಂತು ನೋಡ್ತು," ಅಂತು.
ಅದ, ಅಂದೆ. ಅದ ಆಲೆಫ್.

ಹೊರಗ ಮಿಲಿಟರಿ ಟ್ರಕ್ಕು ಒಂದು ಹೋತು.
ಹನೋಖ್ ಕೇಳೋ ಕಿವಿ ಈ ಕಡೆ ತಿರುವಿ ಕುಂತಿದ್ದ.
ನಿಸ್ಸಿಮ್ ಸರ್ ಹಾಳ್ಯಾಗ ಬರೆದರು:
ಸಮಯ ಪಾಲನೆ, ಸುಧಾರಿಸಬೇಕು.

ಪಾಟಿ ಮ್ಯಾಲೆ ಖಾನಾಪುರದ ಜೇನು ಹಾಕಿ
ಬೆರಳಿಂದ ಅಕ್ಷರ ಎಳೆದೆ. ನೆಕ್ಕು ಅಂದೆ, ಹಳೇ ಪದ್ಧತಿ.
ಎಷ್ಟೋ ಮಕ್ಕಳ ಬೆರಳು ಹಿಡಿದು
ಅಕ್ಕಿ ತಾಟಿನಾಗ ಶ್ರೀಕಾರ ತಿದ್ದಿಸಿದ ಕೈ ಇದು,
ಎಷ್ಟು ಒತ್ತಬೇಕು ಗೊತ್ತಿತ್ತು.
ಮಿಲ್ಕಾ ನೆಕ್ಕಿತು,
ಎಡದಿಂದ ಬಲಕ್ಕ.

ತಿದ್ದಲಿಲ್ಲ ನಾನು.